ಸವೆಯದ ಜಾಗದಲ್ಲಿ ಅಳತೆ: 1965ರ ಜಾವಾ 250ಕ್ಕೆ ಕೈಯಲ್ಲೇ ಮಾಡಿಕೊಂಡ ಬಿಡಿಭಾಗಗಳು

ಹದಿನೆಂಟು ವರ್ಷ ಕೊಟ್ಟಿಗೆಯಲ್ಲಿ ನಿಂತ ಜಾವಾ ಮೋಟಾರ್‌ಸೈಕಲ್ಲಿನಲ್ಲಿ ಮೊದಲು ಹಾಳಾಗುವುದು ರಬ್ಬರು, ಕಾರ್ಕು ಮತ್ತು ತೆಳು ತಗಡು. ಎಂಜಿನ್ ಜಾಮ್ ಆಗಿದ್ದರೂ ಒಳಗಿನ ಬೀಡುಕಬ್ಬಿಣ ಬಹಳ ಸಲ ಉಳಿದುಕೊಂಡಿರುತ್ತದೆ. ನಮ್ಮ ಬೆಂಚಿಗೆ ಬಂದ 1965ರ ಜಾವಾ 250ರ ಸ್ಥಿತಿಯೂ ಹೀಗೇ ಇತ್ತು. ಹಿಂದಿನ ಮಡ್‌ಗಾರ್ಡಿನ ಕೆಳಗಿನ ಒಂದು ಗೇಣು ಪುಡಿಯಾಗಿತ್ತು. ಟ್ಯಾಂಕಿನ ತಳದಲ್ಲಿ, ಬದಿಯಲ್ಲಿ ಸೇರಿ ಆರು ಸೂಜಿರಂಧ್ರಗಳಿದ್ದವು. ಕ್ಲಚ್ಚಿನ ಕಾರ್ಕು ಬೆರಳಲ್ಲಿ ಉಜ್ಜಿದರೆ ಉದುರುತ್ತಿತ್ತು. ಎಡಗಡೆಯ ಮೊಣಕಾಲು ರಬ್ಬರು ಇರಲೇ ಇಲ್ಲ, ಹಿಂದಿನ ಚಕ್ರ ಹೊರುವ ಸ್ವಿಂಗ್ ಆರ್ಮ್ ಕೈಯಲ್ಲಿ ಹಿಡಿದು ಅಲುಗಿಸಿದರೆ ಕಟಕಟ ಎನ್ನುತ್ತಿತ್ತು.

ಇದು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಜೆಕ್ ಮೂಲದ 353/04 ಮಾದರಿಯನ್ನು ಅಲ್ಲಿ 1961ರಿಂದ ತಯಾರಿಸುತ್ತಿದ್ದರು. 1973ರಿಂದ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಯೆಜ್ಡಿಯ ಬಿಡಿಭಾಗಗಳು ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ, ಮೈಸೂರಿನ ಹಳೆಯ ಗ್ಯಾರೇಜುಗಳಲ್ಲಿ ಇವತ್ತಿಗೂ ಸಿಗುತ್ತವೆ. ಮೊದಲ ಜಾವಾದ ತಗಡಿನ ಭಾಗಗಳು, ರಬ್ಬರುಗಳು, ಸಣ್ಣಪುಟ್ಟ ಬುಶ್ಶುಗಳು (ಪಿನ್ನು ಆಡುವ ಕೊಳವೆಯಂಥ ತುಂಡುಗಳು) ಮಾತ್ರ ಹುಡುಕಿದರೂ ಸಿಗುವುದು ಅಪರೂಪ. ನೋಡಲು ಒಂದೇ ಥರ ಕಾಣುವ ಯೆಜ್ಡಿ ಭಾಗವನ್ನು ಅಳೆಯದೆ ತಂದರೆ ಅರ್ಧ ಮಿಲಿಮೀಟರಿನಲ್ಲಿ ಕೈಕೊಡುತ್ತದೆ. ಆದ್ದರಿಂದ ಸಿಗದಿದ್ದುದನ್ನೆಲ್ಲ ಲೇತು, ಅರ, ಕೊಡತಿ, ಬೆಸುಗೆ ಕೋಲು ಹಿಡಿದು ಮಾಡಿಕೊಂಡೆವು.

ಕೈಯಲ್ಲಿ ಭಾಗ ಮಾಡುವಾಗ ಎಲ್ಲರೂ ಜಾರುವುದು ಅಳತೆಯಲ್ಲಿ. ಹಳೆಯ ಬುಶ್ಶನ್ನು ಲೇತಿನವರ ಕೈಗೆ ಕೊಟ್ಟು ‘ಇದೇ ಥರ ಮಾಡಿಕೊಡಿ’ ಎಂದರೆ ಅವರು ಇದೇ ಥರ, ಸವೆತವನ್ನೂ ಸೇರಿಸಿ ಮಾಡಿಕೊಡುತ್ತಾರೆ. ಭಾಗ ಎಷ್ಟೇ ಸವೆದಿದ್ದರೂ ಸವೆತ ಮುಟ್ಟದ ಒಂದು ಜಾಗ ಅದರಲ್ಲಿ ಇದ್ದೇ ಇರುತ್ತದೆ. ಪಿನ್ನಿನ ತುದಿಯಲ್ಲಿ ಬುಶ್ಶು ಮುಟ್ಟದ ಎರಡು ಮಿಲಿಮೀಟರು, ಸಿಲಿಂಡರಿನ ತೀರ ಮೇಲೆ ರಿಂಗು ತಲುಪದ ಪಟ್ಟಿ, ಮಡ್‌ಗಾರ್ಡಿನಲ್ಲಿ ಅದನ್ನು ಹಿಡಿದಿಡುವ ಸ್ಟೇ ಕೆಳಗೆ ಮುಚ್ಚಿದ ತಗಡು. ಮೂಲ ಅಳತೆ ಸಿಗುವುದು ಅಲ್ಲೇ. ಬಿಚ್ಚುವಾಗಲೇ ಮೈಕ್ರೋಮೀಟರ್ ಮತ್ತು ವರ್ನಿಯರ್ ಪಕ್ಕದಲ್ಲಿಟ್ಟುಕೊಂಡು, ಪ್ರತಿ ಭಾಗಕ್ಕೂ ಎರಡು ಅಳತೆ ಬರೆದೆವು: ಸವೆದ ಕಡೆ ಎಷ್ಟು, ಸವೆಯದ ಕಡೆ ಎಷ್ಟು. ಪುಸ್ತಕದ ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ಅಳತೆ. ಭಾಗ ಮಾಡಲು ಕೂತಾಗ ನೋಡಿದ್ದು ಎರಡನೆಯ ಅಂಕಿಯನ್ನು ಮಾತ್ರ.

ಬಣ್ಣಕ್ಕೂ ಇದೇ ಮಾತು. ಬಣ್ಣ ಕೆರೆಯುವ ಮೊದಲು ಟ್ಯಾಂಕಿನ, ಮಡ್‌ಗಾರ್ಡಿನ, ಟೂಲ್‌ಬಾಕ್ಸಿನ ಗೆರೆಗಳ ಮೇಲೆ ಟ್ರೇಸಿಂಗ್ ಕಾಗದ ಅಂಟಿಸಿ ಪೆನ್ಸಿಲಿನಲ್ಲಿ ಇಳಿಸಿಕೊಳ್ಳಬೇಕು. ಗೆರೆ ಅಂಚಿನಿಂದ ಎಷ್ಟು ದೂರ, ಎಲ್ಲಿ ತಿರುವು, ಎಲ್ಲಿ ಕೊನೆ ಎಂಬುದು ಬಣ್ಣ ಹೋದ ಮೇಲೆ ಯಾವ ಫೋಟೋದಿಂದಲೂ ಸರಿಯಾಗಿ ಸಿಗುವುದಿಲ್ಲ. ಮೂಲ ಕೆಂಗಂದು ಬಣ್ಣ ಬಿಸಿಲು ಬೀಳದ ಕಡೆ ಉಳಿದಿರುತ್ತದೆ. ನಮಗದು ಟೂಲ್‌ಬಾಕ್ಸಿನ ಒಳಗೆ ಸಿಕ್ಕಿತು. ಅದರ ಮೇಲಿನ ಧೂಳನ್ನು ಸಾಬೂನು ನೀರಿನಲ್ಲಿ ತೊಳೆದು, ಬಣ್ಣದ ಅಂಗಡಿಗೆ ಮುಚ್ಚಳವನ್ನೇ ಒಯ್ದು ಹೊಂದಿಸಿದೆವು. ಹೊರಗಿನ ಬಣ್ಣಕ್ಕೆ ಹೊಂದಿಸಿದ್ದರೆ ಇಟ್ಟಿಗೆ ಬಣ್ಣವಾಗಿಬಿಡುತ್ತಿತ್ತು.

ಮೊದಲು ಟ್ಯಾಂಕು. ಒಳಗಿನ ತುಕ್ಕಿಗೆ ಆಸಿಡ್ ಹಾಕುವವರಿದ್ದಾರೆ. ತುಕ್ಕಿನ ಜೊತೆ ಒಳ್ಳೆಯ ಲೋಹವೂ ಹೋಗುತ್ತದೆ, ಸೂಜಿರಂಧ್ರ ಆರಿದ್ದದ್ದು ಅರವತ್ತಾಗುತ್ತದೆ. ವಿದ್ಯುತ್ತಿನಿಂದ ತುಕ್ಕು ಬಿಡಿಸುವುದು ನಿಧಾನ, ಆದರೆ ತಗಡನ್ನು ತಿನ್ನುವುದಿಲ್ಲ. ಪೆಟ್ರೋಲ್ ಕಾಕ್ ಬಿಚ್ಚಿ ಆ ತೂತಿಗೆ ರಬ್ಬರ್ ಬಿರಡೆ ಬಿಗಿದೆವು. ಸುಮಾರು 13 ಲೀಟರ್ ನೀರಿಗೆ 50 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ತುಂಬಿ, ಬಾಯಿಯಿಂದ ಒಂದು ಮಾಮೂಲಿ ಕಬ್ಬಿಣದ ಸರಳನ್ನು ಟ್ಯಾಂಕಿಗೆ ಎಲ್ಲೂ ತಾಗದಂತೆ ಮರದ ತುಂಡಿಗೆ ಕಟ್ಟಿ ಇಳಿಬಿಟ್ಟೆವು. 12 ವೋಲ್ಟ್ ಬ್ಯಾಟರಿ ಚಾರ್ಜರಿನ ಧನ ತಂತಿ ಸರಳಿಗೆ, ಋಣ ತಂತಿ ಟ್ಯಾಂಕಿಗೆ. ಇದು ತಿರುಗುಮುರುಗಾದರೆ ಟ್ಯಾಂಕೇ ಕರಗತೊಡಗುತ್ತದೆ, ಎರಡು ಸಲ ನೋಡಿಕೊಂಡು ಸ್ವಿಚ್ ಹಾಕಿ. ಸ್ಟೇನ್‌ಲೆಸ್ ಸ್ಟೀಲಿನ ಸರಳು ಬೇಡ, ಅದರಿಂದ ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಕೆಲಸ ನಡೆಯುವಾಗ ಹೈಡ್ರೋಜನ್ ಗುಳ್ಳೆ ಏಳುವುದರಿಂದ ಬಯಲಲ್ಲೇ ಮಾಡಬೇಕು, ಹತ್ತಿರ ಬೀಡಿ ಬೆಂಕಿಯೂ ಕೂಡದು. ಸರಳಿನ ಮೇಲೆ ಕೆಸರು ಕಟ್ಟಿದಂತೆಲ್ಲ ಕರೆಂಟು ಇಳಿಯುತ್ತದೆ. ನಾಲ್ಕು ಗಂಟೆಗೊಮ್ಮೆ ತೆಗೆದು ಉಜ್ಜಿ ಮತ್ತೆ ಇಳಿಸಿದೆವು. ಒಟ್ಟು ಎರಡು ದಿನ ಹಿಡಿಯಿತು. ನೀರು ಚೆಲ್ಲಿದ ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿ ಅರ್ಧ ಲೀಟರ್ ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿ ಅಲ್ಲಾಡಿಸದಿದ್ದರೆ ಒಂದೇ ಗಂಟೆಯಲ್ಲಿ ಹೊಸ ತುಕ್ಕು ಕೇಸರಿ ಪುಡಿಯಂತೆ ಕೂರುತ್ತದೆ.

ಸೂಜಿರಂಧ್ರಗಳನ್ನು ಎರಡು ವಿಧದಲ್ಲಿ ಮುಚ್ಚಿದೆವು, ಎರಡಕ್ಕೂ ಕಾರಣವಿದೆ. ಬಣ್ಣದ ಕೆಳಗೆ ಬರುವ ತಳದಲ್ಲಿ 60/40 ತವರದ ಬೆಸುಗೆ ಸಾಕು. ಕ್ರೋಮ್ ಬರುವ ಬದಿಯಲ್ಲಿ ತವರ ನಿಲ್ಲುವುದಿಲ್ಲ. ಕ್ರೋಮಿನವರು ಮೊದಲು ಆಸಿಡ್ಡಿನಲ್ಲಿ ಅದ್ದುತ್ತಾರೆ, ತವರದ ಮೇಲೆ ಲೇಪ ಸರಿಯಾಗಿ ಹಿಡಿಯುವುದೂ ಇಲ್ಲ. ಅಲ್ಲಿಗೆ ಹಿತ್ತಾಳೆ ಬೆಸುಗೆಯೇ ಆಗಬೇಕು, ಮತ್ತು ಅದು ಕ್ರೋಮಿಗೆ ಕಳಿಸುವ ಮುಂಚೆ ಆಗಬೇಕು. ಪೆಟ್ರೋಲಿನ ಆವಿ ಇರುವ ಟ್ಯಾಂಕಿಗೆ ಬೆಂಕಿ ಹಿಡಿಯುವುದು ಪ್ರಾಣಕ್ಕೆ ಅಪಾಯ. ಸೋಪಿನ ಬಿಸಿನೀರಲ್ಲಿ ಏಳೆಂಟು ಸಲ ತೊಳೆದು, ರಂಧ್ರ ಮೇಲಕ್ಕೆ ಬರುವಂತೆ ಟ್ಯಾಂಕನ್ನು ಓರೆಯಿಟ್ಟು, ರಂಧ್ರದ ಒಂದು ಅಂಗುಲ ಕೆಳಗಿನವರೆಗೂ ನೀರು ತುಂಬಿದ ಮೇಲೆಯೇ ಶಾಖ ತೋರಿಸಿದ್ದು. ತವರಕ್ಕೆ ಬೆಂಕಿ ಬೇಕಿಲ್ಲ, ದಪ್ಪ ತಾಮ್ರದ ಬೆಸುಗೆ ಕೋಲು ಸಾಕು. ಒಳಗೆ ಬಳಿಯುವ ಸೀಲರ್ ಲೇಪವನ್ನು ನಾವು ಬಳಸಲಿಲ್ಲ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಎಷ್ಟೋ ಲೇಪಗಳು ಎದ್ದು ಸಿಪ್ಪೆಯಾಗಿ ಕಾರ್ಬ್ಯುರೇಟರ್ ಜೆಟ್ಟಿಗೆ ಬಂದು ಕೂರುವುದನ್ನು ಕಂಡಿದ್ದೇವೆ.

ಮಡ್‌ಗಾರ್ಡು ಈ ಗಾಡಿಯ ಅತಿ ಕಷ್ಟದ ಕೆಲಸ, ಇಡೀ ಕೆಲಸದಲ್ಲಿ ನಮಗೆ ಹೆಚ್ಚು ಪ್ರಿಯವಾದದ್ದೂ ಅದೇ. ಚಕ್ರವನ್ನು ಎರಡೂ ಬದಿಯಿಂದ ತಬ್ಬಿದಂತೆ ಇಳಿಯುವ ಆ ಆಳವಾದ ಬಾಗು ಒಂದೇ ದಿಕ್ಕಿನದಲ್ಲ. ಉದ್ದಕ್ಕೂ ಬಾಗಿದೆ, ಅಡ್ಡಕ್ಕೂ ಬಾಗಿದೆ. ತಗಡನ್ನು ಸುಮ್ಮನೆ ಮಡಚಿದರೆ ಈ ಆಕಾರ ಬರುವುದಿಲ್ಲ, ನಡುವೆ ತಗಡು ಹಿಗ್ಗಬೇಕು, ಅಂಚಿನಲ್ಲಿ ಕುಗ್ಗಬೇಕು. ಸ್ಟೇ ಕೆಳಗಿನ ತಗಡು 0.9 ಮಿ.ಮೀ. ಇತ್ತು, ಅಂದರೆ 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ಶೀಟು. ಪುಡಿಯಾದ ಜಾಗಕ್ಕಿಂತ 20 ಮಿ.ಮೀ. ಆಚೆಗೆ ಕತ್ತರಿಸಿದೆವು. ಕಣ್ಣಿಗೆ ಕಾಣುವ ತುಕ್ಕು ನಿಂತ ಕಡೆ ತಗಡಿನ ಒಳಬದಿಯ ತುಕ್ಕು ನಿಂತಿರುವುದಿಲ್ಲ, ಅಂಥ ತೆಳುವಾದ ಅಂಚಿಗೆ ಬೆಸುಗೆ ಮುಟ್ಟಿಸಿದರೆ ತೂತು ಬೀಳುತ್ತದೆ.

ಉಳಿದ ಒಳ್ಳೆಯ ಭಾಗದ ಮೇಲೆ ರಟ್ಟಿನಿಂದ ಮೂರು ಅಡ್ಡ ಅಚ್ಚು, ಒಂದು ಉದ್ದ ಅಚ್ಚು ಕತ್ತರಿಸಿಕೊಂಡೆವು. ತಗಡಿನ ತುಂಡನ್ನು ಗ್ಯಾಸ್ ಜ್ವಾಲೆಯಲ್ಲಿ ಮಂದ ಕೆಂಪಿಗೆ ಕಾಯಿಸಿ ತಾನಾಗಿ ಆರಲು ಬಿಟ್ಟು ಮೆತ್ತಗಾಗಿಸಿ, ಮರಳು ಚೀಲದ ಮೇಲಿಟ್ಟು ದುಂಡು ಮೂತಿಯ ಮರದ ಕೊಡತಿಯಿಂದ ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಬಡಿಯಬೇಕು. ಮೊದಲ ತುಂಡು ಕೆಟ್ಟಿತು. ಒಂದೇ ಕಡೆ ಹೆಚ್ಚು ಬಡಿದು ತಗಡು ಹೊಟ್ಟೆಯಂತೆ ಉಬ್ಬಿ, ತಿರುಗಿ ಕುಗ್ಗಿಸಲು ಹೋದರೆ ಅಂಚು ಸೀಳಿತು. ಎರಡನೆಯದರಲ್ಲಿ ಪ್ರತಿ ಸುತ್ತಿನ ನಂತರ ಅಚ್ಚು ಹಿಡಿದು ನೋಡುತ್ತ, ಏಟುಗಳ ನಡುವೆ ಒಂದು ಬೆರಳಿನ ಅಂತರವಿಟ್ಟೆವು. ಅಂಚಿನಲ್ಲಿ ಎದ್ದ ಅಲೆಗಳನ್ನು ಬಿಸಿ ಮಾಡಿ ಒಂದೊಂದಾಗಿ ಒಳಕ್ಕೆ ಬಡಿದು ಕುಗ್ಗಿಸಿದೆವು. ಕೊನೆಗೆ ಕಬ್ಬಿಣದ ಡಾಲಿ ಕೆಳಗೆ ಹಿಡಿದು ಚಪ್ಪಟೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಮೈ ನಯವಾಯಿತು. ಜೋಡಣೆಗೆ ಎರಡು ಅಂಚನ್ನೂ ಒಂದರ ಮೇಲೊಂದು ಹಾಕದೆ ಮುಖಾಮುಖಿ ಇಟ್ಟು 25 ಮಿ.ಮೀ.ಗೆ ಒಂದರಂತೆ ಚುಕ್ಕೆ ಬೆಸುಗೆ ಹಾಕಿ, ನಂತರ ಎಡಕ್ಕೊಂದು ಬಲಕ್ಕೊಂದು ತುಂಬಿದೆವು. ಉದ್ದಕ್ಕೂ ಒಂದೇ ಸಮ ಎಳೆದರೆ ಕುಗ್ಗಿ ಮಡ್‌ಗಾರ್ಡು ತಿರುಚಿಕೊಳ್ಳುತ್ತದೆ. ಅಂಚು ಒಂದರ ಮೇಲೊಂದು ಬಂದರೆ ನಡುವೆ ನೀರು ನಿಂತು ಹತ್ತು ವರ್ಷಕ್ಕೆ ಮತ್ತೆ ಇದೇ ತುಕ್ಕು. ಇಷ್ಟಾದ ಮೇಲೆ ಬೇಕಾದ ಪುಟ್ಟಿ ಉಗುರಿನಷ್ಟು ತೆಳು. ಪುಟ್ಟಿಯಲ್ಲೇ ಆಕಾರ ಕಟ್ಟುವವರ ಕೆಲಸ ಮೊದಲ ಹಳ್ಳದಲ್ಲೇ ಬಿರುಕು ಬಿಡುತ್ತದೆ.

ಎಂಜಿನ್ನಿಗೆ ಬಂದರೆ, ಇಲ್ಲಿ ಕೈಯಲ್ಲಿ ಮಾಡಬಾರದ ಭಾಗಗಳೂ ಇವೆ. ಪಿಸ್ಟನ್, ರಿಂಗು, ಕನೆಕ್ಟಿಂಗ್ ರಾಡಿನ ಕೆಳತುದಿಯ (ಬಿಗ್ ಎಂಡ್) ಕ್ರ್ಯಾಂಕ್ ಪಿನ್ನು, ರೋಲರುಗಳು, ಚಕ್ರದ ಆಕ್ಸಲ್ಲು. ಕ್ರ್ಯಾಂಕ್ ಪಿನ್ನಿನ ಮೇಲ್ಮೈ ಗಾಜಿನಂತೆ ಗಟ್ಟಿಯಾಗಿ, ಒಳಗೆ ಮೆದುವಾಗಿ ಇರಬೇಕು, ಆಮೇಲೆ ಗ್ರೈಂಡಿಂಗ್ ಆಗಬೇಕು. ಬರೀ ಲೇತಿನಲ್ಲಿ ತಿರುಗಿಸಿದ ಪಿನ್ನು ನೋಡಲು ಹೊಳೆಯುತ್ತದೆ, ಕೆಲವೇ ನೂರು ಕಿಲೋಮೀಟರಿಗೆ ರೋಲರುಗಳು ಅದರಲ್ಲಿ ತಗ್ಗು ಮಾಡಿಬಿಡುತ್ತವೆ. ಈ ಭಾಗಗಳನ್ನು ಕಿಟ್ಟಾಗಿಯೇ ಕೊಂಡೆವು.

ಜಾವಾದ ಸಿಲಿಂಡರು 65 ಮಿ.ಮೀ. ಬೋರು (ಒಳವ್ಯಾಸ), 75 ಮಿ.ಮೀ. ಸ್ಟ್ರೋಕು (ಪಿಸ್ಟನ್ನಿನ ಓಡಾಟ), ಲೆಕ್ಕ ಹಾಕಿದರೆ ಸುಮಾರು 249 ಸಿಸಿ. ಮೇಲಿನ ಸವೆಯದ ಪಟ್ಟಿಯಲ್ಲಿ ಅಳೆದಾಗ 65.25 ಬಂತು, ಅಂದರೆ ಮೊದಲೇ ಒಂದು ಸಲ ಬೋರಾಗಿದೆ. ರಿಂಗು ಓಡಾಡುವ ಜಾಗದಲ್ಲಿ 65.41. ಮುಂದಿನ ಅಳತೆ 65.50. ಪಿಸ್ಟನ್ ಕೈಗೆ ಬರುವ ಮೊದಲು ಬೋರ್ ಹೊಡೆಸಬೇಡಿ. ಪೆಟ್ಟಿಗೆಯ ಮೇಲಿನ ಅಂಕಿ ನಂಬದೆ ಪಿಸ್ಟನ್ನಿನ ಸ್ಕರ್ಟಿನ ಕೆಳಭಾಗದಲ್ಲಿ, ಪಿನ್ನಿಗೆ ಅಡ್ಡಲಾಗಿ ಅಳೆದು, ಅದಕ್ಕೆ 0.07 ಮಿ.ಮೀ. ಸೇರಿಸಿ ಬೋರ್ ಹೇಳಿದೆವು. ಬೋರಿಂಗ್ ಆದ ಮೇಲೆ ಪೋರ್ಟುಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಅಂಚು ಬ್ಲೇಡಿನಂತೆ ಹರಿತವಾಗಿರುತ್ತದೆ. ಚಿಕ್ಕ ದುಂಡು ಸಾಣೆಕಲ್ಲಿನಿಂದ ಆ ಅಂಚನ್ನು ಅರ್ಧ ಮಿಲಿಮೀಟರಿನಷ್ಟು ಓರೆಯಾಗಿ ಮುರಿಯದಿದ್ದರೆ ರಿಂಗು ಸಿಕ್ಕಿಕೊಂಡು ಮುರಿಯುತ್ತದೆ. ಬೋರಿಂಗ್ ಅಂಗಡಿಯವರು ಇದನ್ನು ಮಾಡಿರುತ್ತಾರೆಂದು ನಂಬಬಾರದು, ಬೆರಳಾಡಿಸಿ ನೋಡಬೇಕು. ರಿಂಗನ್ನು ಬೋರಿನೊಳಗಿಟ್ಟು ಬಾಯಿಯ ಸಂದು ಅಳೆದೆವು, 0.25 ಇತ್ತು.

ಕನೆಕ್ಟಿಂಗ್ ರಾಡಿನ ಮೇಲ್ತುದಿಯ ಸ್ಮಾಲ್ ಎಂಡ್ ಬುಶ್ಶು ಕೈಯಲ್ಲೇ ಆಯಿತು. ಫಾಸ್ಫರ್ ಬ್ರಾಂಝ್ ಸರಳು ತಂದು, ಹೊರವ್ಯಾಸವನ್ನು ಕನೆಕ್ಟಿಂಗ್ ರಾಡಿನ ತೂತಿಗಿಂತ 0.04 ಮಿ.ಮೀ. ದೊಡ್ಡದು ಮಾಡಿ, ಬೋಲ್ಟು ನಟ್ಟು ಹಾಕಿ ನಿಧಾನಕ್ಕೆ ಎಳೆದು ಕೂರಿಸಿದೆವು. ಒತ್ತಿ ಕೂರಿಸಿದಾಗ ಒಳವ್ಯಾಸ ಚಿಕ್ಕದಾಗುತ್ತದೆ, ಆದ್ದರಿಂದ ಕೊನೆಯ ಅಳತೆಗೆ ರೀಮರ್ (ತೂತನ್ನು ನಯವಾಗಿ ಹೆರೆಯುವ ಸಾಧನ) ಹಾಕುವುದು ಕೂರಿಸಿದ ಮೇಲೆಯೇ. ಎಣ್ಣೆ ಹಚ್ಚಿದ ಪಿನ್ನು ಹೆಬ್ಬೆರಳಿನ ಒತ್ತಡಕ್ಕೆ ಜಾರಬೇಕು, ತನ್ನ ಭಾರಕ್ಕೇ ಬೀಳಬಾರದು. ರಾಡಿನ ಎಣ್ಣೆಕಿಂಡಿಗೆ ಸರಿಯಾಗಿ ಬುಶ್ಶಿಗೂ ತೂತು ಕೊರೆಯುವುದನ್ನು ಮರೆತರೆ ಪಿನ್ನು ಒಣಗಿ ಹಿಡಿದುಕೊಳ್ಳುತ್ತದೆ. ಟೂ ಸ್ಟ್ರೋಕಿನಲ್ಲಿ ಅದಕ್ಕೆ ಬೇರೆ ದಾರಿಯಿಂದ ಎಣ್ಣೆ ಬರುವುದಿಲ್ಲ. ಸ್ವಿಂಗ್ ಆರ್ಮಿನ ಬುಶ್ಶುಗಳನ್ನೂ ಇದೇ ಸರಳಿನಿಂದ ಮಾಡಿದೆವು. ಅಲ್ಲಿ ಎರಡು ಬುಶ್ಶಿಗೂ ಒಂದೇ ಉದ್ದ ರೀಮರನ್ನು ಆರುಪಾರಾಗಿ ಹಾಯಿಸಬೇಕು. ಬೇರೆ ಬೇರೆಯಾಗಿ ರೀಮ್ ಮಾಡಿದರೆ ಎರಡೂ ಒಂದೇ ಗೆರೆಯಲ್ಲಿ ಬರದೆ ಪಿನ್ನು ಬಿಗಿಯುತ್ತದೆ. ನಮ್ಮ ಮೊದಲ ಜೊತೆ ಬುಶ್ಶು ಹೀಗೇ ಹೋಯಿತು.

ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ ಜೋಡಿಸಿದ ಮೇಲೆ ಎರಡು ತುದಿಯನ್ನೂ ಹಿಡಿದು ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮುಳ್ಳಿನ ಓಲಾಟ 0.03 ಮಿ.ಮೀ. ದಾಟಬಾರದು. ಬಲಗಡೆಯ ತುದಿಯಲ್ಲೇ ಡೈನಮೋ ಆರ್ಮೆಚರ್ ಇರುವುದರಿಂದ ಇದಕ್ಕೆ ಇನ್ನೂ ಮಹತ್ವ. ಓಲಾಡಿದರೆ ಆರ್ಮೆಚರ್ ಸುತ್ತ ನಿಂತಿರುವ ಫೀಲ್ಡಿಗೆ ಉಜ್ಜುತ್ತದೆ, ಪ್ಲಗ್ಗಿನ ಕಿಡಿಯನ್ನು ಹೊರಡಿಸುವ ಪಾಯಿಂಟಿನ ಸಂದೂ ಒಂದೇ ಸಮ ನಿಲ್ಲುವುದಿಲ್ಲ. ಆರ್ಮೆಚರ್ ತೆಗೆಯುವಾಗ ಪುಲ್ಲರನ್ನೇ ಬಳಸಿ. ಸುತ್ತಿಗೆಯ ಒಂದು ಏಟಿಗೆ ಕ್ರ್ಯಾಂಕು ಬಾಗುತ್ತದೆ.

ಎಂಜಿನ್ ಜೋಡಿಸಿದ ಕೂಡಲೇ ಚಾಸಿಗೆ ಏರಿಸಬೇಡಿ, ಮೊದಲು ಎಲ್ಲಾದರೂ ಸೋರುತ್ತದೆಯೇ ಎಂದು ನೋಡುವ ಗಾಳಿ ಪರೀಕ್ಷೆ. ಈ ಎಂಜಿನ್ನಿಗೆ ಎಕ್ಸಾಸ್ಟ್ ಪೋರ್ಟು ಎರಡು. ಎರಡನ್ನೂ ರಬ್ಬರು ಹಾಕಿ ಮುಚ್ಚಿ, ಕಾರ್ಬ್ಯುರೇಟರ್ ಜಾಗಕ್ಕೆ 5 ಮಿ.ಮೀ. ಅಲ್ಯೂಮಿನಿಯಂ ತಟ್ಟೆಗೆ ಸೈಕಲ್ ಟ್ಯೂಬಿನ ವಾಲ್ವು ಕೂರಿಸಿ ಬಿಗಿದೆವು. ಪ್ಲಗ್ ಹಾಕಿ, ಕೈಪಂಪಿನಿಂದ 0.4 ಬಾರ್, ಅಂದರೆ ಸುಮಾರು 6 ಪಿಎಸ್‌ಐ ಮಾತ್ರ. ಹೆಚ್ಚು ಕೊಟ್ಟರೆ ಕ್ರ್ಯಾಂಕಿನ ರಬ್ಬರ್ ಸೀಲು ತಿರುಗಿಕೊಳ್ಳುತ್ತದೆ. ಮುಳ್ಳು ಐದು ನಿಮಿಷ ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ನಮ್ಮದು ಅರ್ಧ ನಿಮಿಷಕ್ಕೆ ಸೊನ್ನೆಗೆ ಬಂತು. ಸೋಪಿನ ನೀರು ಬಳಿದರೆ ಹೊರಗೆ ಎಲ್ಲೂ ಗುಳ್ಳೆಯಿಲ್ಲ. ಕ್ಲಚ್ ಕವರ್ ಬಿಚ್ಚಿ ನೋಡಿದಾಗ ಕ್ರ್ಯಾಂಕಿನ ಎಡ ಸೀಲಿನ ಸುತ್ತ ಗುಳ್ಳೆ. ಹಳೆಯ ಸೀಲು ಉಜ್ಜಿ ಉಜ್ಜಿ ಶಾಫ್ಟಿನಲ್ಲಿ ಉಂಗುರದಂಥ ಗೀರು ಮಾಡಿತ್ತು, ಹೊಸ ಸೀಲಿನ ತುಟಿ ಅದೇ ಗೀರಿನಲ್ಲಿ ಕೂತಿತ್ತು. ಸೀಲಿನ ಹಿಂದೆ 1 ಮಿ.ಮೀ. ತೆಳು ಉಂಗುರ ಹಾಕಿ ತುಟಿಯನ್ನು ಶಾಫ್ಟಿನ ಸವೆಯದ ಜಾಗಕ್ಕೆ ಸರಿಸಿದ ಮೇಲೆ ಗಾಳಿ ನಿಂತಿತು. ಎಡ ಸೀಲು ಸೋರಿದರೆ ಕ್ಲಚ್ ಕಡೆಯ ಎಣ್ಣೆ ಕ್ರ್ಯಾಂಕ್‌ಕೇಸಿಗೆ ಎಳೆದುಕೊಂಡು ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಪ್ಲಗ್ ನೆನೆಯುತ್ತದೆ. ಬಲ ಸೀಲು ಸೋರಿದರೆ ಇನ್ನೂ ಅಪಾಯ. ಅತ್ತ ಇರುವುದು ಬರೀ ಗಾಳಿ. ಮಿಶ್ರಣ ತೆಳುವಾಗಿ, ಎಂಜಿನ್ ಬಿಸಿಯೇರಿ, ಯಾವ ಸೂಚನೆಯೂ ಇಲ್ಲದೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಾರ್ಬ್ಯುರೇಟರ್ ಹೊಂದಿಸಿ ಹೊಂದಿಸಿ ಬೇಸತ್ತವರ ಎಷ್ಟೋ ಗಾಡಿಗಳ ರೋಗ ಈ ಸೀಲಿನಲ್ಲಿರುತ್ತದೆ.

ಗ್ಯಾಸ್ಕೆಟ್ಟುಗಳು ಸುಲಭ. ಕ್ರ್ಯಾಂಕ್‌ಕೇಸಿಗೆ 0.5 ಮಿ.ಮೀ. ಆಯಿಲ್ ಪೇಪರನ್ನು ಅಂಚಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಅಂಚೇ ಕತ್ತರಿಸಿಕೊಡುತ್ತದೆ. ಆದರೆ ಇಲ್ಲಿನ ಅಲ್ಯೂಮಿನಿಯಂ ಮೆದು, ಅಂಚಿಗೆ ಗಾಯವಾಗುತ್ತದೆ. ಬೆರಳಲ್ಲಿ ಒತ್ತಿ ಗುರುತು ಮೂಡಿಸಿ ಕತ್ತರಿಯಲ್ಲಿ ಕತ್ತರಿಸುವುದೇ ವಾಸಿ. ಹೆಡ್ಡಿಗೆ ತಾಮ್ರದ ತಗಡಿನ ಉಂಗುರ ಕತ್ತರಿಸಿ, ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗಾಗಿಸಿ ಹಾಕಿದೆವು.

ಕ್ಲಚ್ಚಿಗೆ ಸ್ವಲ್ಪ ಹೆಚ್ಚು ಹೇಳಬೇಕು. ಜಾವಾದ ಗೇರ್ ಲಿವರೇ ಕಿಕ್ಕರ್ ಕೂಡ, ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್ಕರ್. ಅದೇ ಲಿವರು ಗೇರ್ ಬದಲಿಸುವಾಗ ಕ್ಲಚ್ಚನ್ನೂ ತಾನೇ ಬಿಡಿಸುತ್ತದೆ. ಆದ್ದರಿಂದ ಪ್ಲೇಟುಗಳ ಒಟ್ಟು ದಪ್ಪ ಸ್ವಲ್ಪ ಹೆಚ್ಚಾದರೂ ಕ್ಲಚ್ಚು ಪೂರ್ತಿ ಬಿಡದೆ ಗೇರು ಗರಗರ ಎನ್ನುತ್ತದೆ, ಕಡಿಮೆಯಾದರೆ ಏರಿನಲ್ಲಿ ಜಾರುತ್ತದೆ. ಉಕ್ಕಿನ ಪ್ಲೇಟಿನ ಕಿಂಡಿಗಳಲ್ಲಿ ಕಾರ್ಕಿನ ತುಂಡುಗಳು ಕೂತಿರುತ್ತವೆ. ಮೊದಲ ಸಲ ಹಾರ್ಡ್‌ವೇರ್ ಅಂಗಡಿಯ ಕಾರ್ಕ್ ಶೀಟಿನಿಂದ ಕತ್ತರಿಸಿ ಹಾಕಿದೆವು, ಎಣ್ಣೆಯಲ್ಲಿ ನೆನೆದು ವಾರದಲ್ಲಿ ತರಿತರಿಯಾಗಿ ಬಿಟ್ಟಿತು. ಅದು ಕಾರ್ಕಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಶೀಟು. ಬೇಕಾದದ್ದು ಮರದ ತೊಗಟೆಯ ಇಡೀ ಕಾರ್ಕು, ಬಾಟಲಿ ಬಿರಡೆಯ ಜಾತಿಯದು. ಅದನ್ನು ಕಿಂಡಿಗಿಂತ ಸುಮಾರು ಅರ್ಧ ಮಿ.ಮೀ. ದೊಡ್ಡದಾಗಿ ಕತ್ತರಿಸಿ, ಕುದಿನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ರಬ್ಬರಿನಂತೆ ಮೆತ್ತಗಾಗುತ್ತದೆ. ಹಿಚುಕಿ ಕಿಂಡಿಯೊಳಗೆ ತೂರಿಸಿ, ಎರಡೂ ಬದಿಗೆ ಸಮನಾಗಿ ಚಾಚುವಂತೆ ನೂಕಿ, ಎರಡು ದಿನ ನೆರಳಿನಲ್ಲಿ ಒಣಗಿಸಬೇಕು. ಹಿಚುಕಿದ ಕಾರ್ಕು ಮತ್ತೆ ಹಿಗ್ಗಿ ತಾನೇ ಬಿಗಿಯಾಗಿ ಕೂರುತ್ತದೆ, ಅಂಟು ಬೇಡ. ಆಮೇಲೆ ಗಾಜಿನ ಮೇಲೆ 120ರ ಎಮರಿ ಕಾಗದ ಹರಡಿ, ಎಂಟರ ಆಕಾರದಲ್ಲಿ ಉಜ್ಜಿ ಎಲ್ಲ ತುಂಡುಗಳನ್ನೂ ಒಂದೇ ಮಟ್ಟಕ್ಕೆ ತಂದೆವು. ನಾಲ್ಕು ಕಡೆ ಅಳೆದಾಗ ವ್ಯತ್ಯಾಸ 0.1 ಮಿ.ಮೀ. ಒಳಗಿರಬೇಕು. ಜೋಡಿಸುವ ಹಿಂದಿನ ರಾತ್ರಿ ಎಣ್ಣೆಯಲ್ಲಿ ನೆನೆಸಿಡುವುದು ಕಡ್ಡಾಯ, ಒಣ ಕಾರ್ಕು ಮೊದಲ ಹತ್ತು ನಿಮಿಷದಲ್ಲೇ ಸುಟ್ಟು ಕರಿಯಾಗುತ್ತದೆ. ಎಣ್ಣೆಯೂ ಸಾದಾ ಎಸ್‌ಎಇ 40 ಇರಲಿ. ಕಾರಿಗೆಂದು ಮಾಡಿದ ಕೆಲವು ಹೊಸ ಎಣ್ಣೆಗಳಲ್ಲಿ ಜಾರಿಕೆ ಹೆಚ್ಚಿಸುವ ರಾಸಾಯನಿಕ ಇರುವುದರಿಂದ ಕ್ಲಚ್ಚು ಜಾರುತ್ತದೆ.

ಕೇಬಲ್ಲುಗಳನ್ನು ಕೊಳ್ಳುವುದಕ್ಕಿಂತ ಮಾಡಿಕೊಂಡರೆ ಉದ್ದ ಸರಿಯಾಗಿ ಬರುತ್ತದೆ. ಹಿತ್ತಾಳೆ ನಿಪ್ಪಲ್ಲನ್ನು ಲೇತಿನಲ್ಲಿ ಮಾಡಿ, ತಂತಿ ಹೊರಬರುವ ತುದಿಯನ್ನು ಬಟ್ಟಲಿನಂತೆ ಕೊರೆಯಬೇಕು. ತಂತಿ ತೂರಿಸಿ ಎಳೆಗಳನ್ನು ಹೂವಿನಂತೆ ಬಿಡಿಸಿ, ಫ್ಲಕ್ಸ್ ಹಚ್ಚಿ, ಕರಗಿದ ತವರದಲ್ಲಿ ಅದ್ದಿ ತೆಗೆದರೆ ಬಟ್ಟಲು ತುಂಬುತ್ತದೆ. ಎಳೆ ಬಿಡಿಸದೆ ಬೆಸೆದ ನಿಪ್ಪಲ್ಲು ಎಳೆತಕ್ಕೆ ಜಾರಿ ಬರುತ್ತದೆ. ಬೆಂಕಿಯ ಜ್ವಾಲೆ ತೋರಿಸಿದರೆ ತಂತಿಯೇ ಮೆತ್ತಗಾಗಿ ಆ ಜಾಗದಲ್ಲಿ ತುಂಡಾಗುತ್ತದೆ. ಪರೀಕ್ಷೆಗೆ ಪ್ರತಿ ಕೇಬಲ್ಲಿಗೂ 20 ಲೀಟರ್ ನೀರಿನ ಬಕೆಟ್ ಕಟ್ಟಿ ಒಂದು ರಾತ್ರಿ ತೂಗುಹಾಕಿದೆವು. ಮುಂದಿನ ಬ್ರೇಕಿನ ಕೇಬಲ್ಲಿಗೆ ಎರಡು ಬಕೆಟ್.

ಮೊಣಕಾಲು ರಬ್ಬರಿನಲ್ಲಿ ಉಳಿದಿದ್ದು ಬಲಗಡೆಯದು. ಅದರಿಂದ ಅಚ್ಚು ತೆಗೆದರೆ ಮತ್ತೆ ಬಲಗಡೆಯದೇ ಬರುತ್ತದೆ, ಎಡಗಡೆಗೆ ಕನ್ನಡಿಯ ಬಿಂಬ ಬೇಕು. ಹಾಗಾಗಿ ಅದರ ಆಕಾರವನ್ನು ಕಾಗದಕ್ಕೆ ಇಳಿಸಿ, ಕಾಗದ ಮಗುಚಿ, ತೇಗದ ಮರದಲ್ಲಿ ಎಡಗಡೆಯ ಮಾದರಿ ಕೆತ್ತಿದೆವು. ಗೀರುಗಳನ್ನು ಒಂದೊಂದಾಗಿ ಅರದಲ್ಲಿ ಎಳೆಯಲು ಮೂರು ಸಂಜೆ ಬೇಕಾಯಿತು. ಮರದ ಮಾದರಿಗೆ ಸಿಲಿಕೋನ್ ಅಚ್ಚು, ಅಚ್ಚಿಗೆ ಎರಡು ದ್ರವ ಬೆರೆಸಿ ಎರೆಯುವ ಪಾಲಿಯುರೆಥೇನ್ ರಬ್ಬರು, ಗಟ್ಟಿತನ ಶೋರ್ ಎ 60. ಇದು ಗಾಳಿಯ ತೇವ ಹೀರಿ ನೊರೆಗಟ್ಟುತ್ತದೆ. ಆಷಾಢದಲ್ಲಿ ಎರೆದದ್ದು ಇಡ್ಲಿಯಂತೆ ತೂತು ತೂತಾಯಿತು, ಮಳೆ ಬಿಟ್ಟ ಮೇಲೆ ಬಿಸಿಲಿನ ದಿನ ಎರೆದದ್ದು ನಯವಾಗಿ ಬಂತು.

ಡೈನಮೋ 6 ವೋಲ್ಟ್, 45 ವ್ಯಾಟ್. ಸುರುಳಿ ಚೆನ್ನಾಗಿತ್ತು, ಕಮ್ಯುಟೇಟರ್ ಮಾತ್ರ ಸವೆದು ತಾಮ್ರದ ಪಟ್ಟಿಗಳು ನಡುವಿನ ಅಭ್ರಕಕ್ಕಿಂತ ತಗ್ಗಾಗಿದ್ದವು. ಹಾಗಾದರೆ ಕಾರ್ಬನ್ ಬ್ರಶ್ಶು ಅಭ್ರಕದ ಮೇಲೆ ಕುಣಿದು ಕಿಡಿ ಹಾರುತ್ತದೆ. ಲೇತಿನಲ್ಲಿ ತೆಳುವಾಗಿ ಹೆರೆದು ಸಮ ಮಾಡಿ, ಹ್ಯಾಕ್ಸಾ ಬ್ಲೇಡಿನ ತುಂಡನ್ನು ತೆಳುವಾಗಿ ಸಾಣೆ ಹಿಡಿದು ಅಭ್ರಕವನ್ನು ಅರ್ಧ ಮಿ.ಮೀ. ಕೆಳಗೆ ಕೊರೆದೆವು. ಬ್ರಶ್ಶುಗಳನ್ನು ದೊಡ್ಡ ಮೋಟಾರಿನ ಬ್ರಶ್ಶಿನಿಂದ ಅರದಲ್ಲಿ ಉಜ್ಜಿ ಇಳಿಸಿದ್ದು. ಪಾಯಿಂಟಿನ ಸಂದು 0.4 ಮಿ.ಮೀ., ಪ್ಲಗ್ಗಿನದು 0.6. ಟೈಮಿಂಗನ್ನು ಪಿಸ್ಟನ್ ತುದಿ ಮುಟ್ಟಲು 3 ಮಿ.ಮೀ. ಇರುವಾಗ ಪಾಯಿಂಟ್ ತೆರೆಯುವಂತೆ ಹೊಂದಿಸಿದೆವು. ಪಾಯಿಂಟಿಗೆ ಅಡ್ಡಲಾಗಿ 6 ವೋಲ್ಟ್ ಬಲ್ಬು ಕಟ್ಟಿದರೆ ತೆರೆದ ಕ್ಷಣ ಬೆಳಗುತ್ತದೆ.

ಸೈಲೆನ್ಸರಿನ ಇಂಗಾಲಕ್ಕೆ ಕಾಸ್ಟಿಕ್ ಸೋಡಾ ಒಳ್ಳೆಯದೇ. ಆದರೆ ಅದೇ ಬಕೆಟ್ಟಿಗೆ ಅಲ್ಯೂಮಿನಿಯಂ ಹೆಡ್ಡನ್ನು ಹಾಕಿದರೆ ಹೆಡ್ಡು ಕರಗುತ್ತದೆ. ಸೈಲೆನ್ಸರಿನ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ತುಕ್ಕು ತಿಂದಿದ್ದರಿಂದ ಹೊಸದನ್ನು ತಗಡು ಸುತ್ತಿ, ಹಳೆಯದರಲ್ಲಿದ್ದಷ್ಟೇ ತೂತು, ಅಷ್ಟೇ ವ್ಯಾಸಕ್ಕೆ ಕೊರೆದು ಮಾಡಿದೆವು. ಜೋರು ಸದ್ದಿಗೆಂದು ತೂತು ಹೆಚ್ಚಿಸಿದರೆ ಟೂ ಸ್ಟ್ರೋಕಿನ ಕೆಳಗಿನ ಎಳೆತವೇ ಹೋಗುತ್ತದೆ.

ಬಣ್ಣ ಒಣಗಿ ಎರಡು ವಾರವಾದ ಮೇಲೆ ಬಂಗಾರದ ಗೆರೆ. ಉದ್ದ ಕೂದಲಿನ ಗೆರೆ ಬ್ರಶ್ಶು, ಎನಾಮಲ್ ಬಣ್ಣ, ಮೊದಲೇ ಇಳಿಸಿಕೊಂಡ ಟ್ರೇಸಿಂಗ್ ಕಾಗದ. ಗೆರೆ ಎಳೆಯುವಾಗ ಕಣ್ಣು ಬ್ರಶ್ಶಿನ ತುದಿಯಲ್ಲಿರಬಾರದು, ಗೆರೆ ಹೋಗಬೇಕಾದ ಮುಂದಿನ ಜಾಗದಲ್ಲಿರಬೇಕು. ಬೋರ್ಡು ಬರೆಯುವ ಹಿರಿಯ ಕೈಗಳು ಇದನ್ನು ಒಂದೇ ಉಸಿರಿನಲ್ಲಿ ಎಳೆಯುವುದನ್ನು ನೋಡಿದರೆ ಸ್ಟಿಕ್ಕರ್ ಅಂಟಿಸುವ ಮನಸ್ಸಾಗುವುದಿಲ್ಲ. ಗಾಜಿನ ಮೇಲೆ ಒಂದು ವಾರ ಅಭ್ಯಾಸ ಮಾಡಿ ಆಮೇಲೆ ಟ್ಯಾಂಕು ಮುಟ್ಟಿದೆವು. ತಪ್ಪಿದರೆ ಒಣಗುವ ಮೊದಲು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಬಹುದು, ಕೆಳಗಿನ ಗಟ್ಟಿ ಬಣ್ಣಕ್ಕೆ ಏನೂ ಆಗುವುದಿಲ್ಲ.

ದಾಖಲೆಯ ವಿಷಯವೂ ಭಾಗ ಮಾಡುವ ಕೆಲಸಕ್ಕೆ ತಗುಲಿಕೊಂಡಿದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಕೈಯಲ್ಲಿ ಮಾಡಿದ ಮಡ್‌ಗಾರ್ಡು ಮೂಲದ ಆಕಾರದಲ್ಲಿರಬೇಕು ಎಂಬುದಕ್ಕೆ ಅಂದಕ್ಕಿಂತ ದೊಡ್ಡ ಕಾರಣ ಇದು. ಚಾಸಿ ಮತ್ತು ಎಂಜಿನ್ ನಂಬರನ್ನು ಎಮರಿ ಹಿಡಿದು ಉಜ್ಜಬೇಡಿ, ಪೌಡರ್ ಕೋಟಿನಲ್ಲಿ ಹೂಳಲೂ ಬೇಡಿ. ಪೇಂಟಿಗೆ ಕೊಡುವಾಗ ಅದರ ಮೇಲೆ ಟೇಪು ಅಂಟಿಸಿಯೇ ಕೊಡಿ.

ಮೊದಲ 500 ಕಿಲೋಮೀಟರಿಗೆ ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಟೂಟಿ (ಟೂ ಸ್ಟ್ರೋಕ್) ಎಣ್ಣೆ, ಆಮೇಲೆ 40. ಪೆಟ್ರೋಲ್ ಪೈಪು ಎಥನಾಲ್ ತಡೆಯುವ ಜಾತಿಯದೇ ಇರಲಿ, ಕಾಕಿನ ಹಳೆಯ ಕಾರ್ಕ್ ವಾಷರು ತೆಗೆದು ವಿಟಾನ್ ರಬ್ಬರಿನದು ಹಾಕಿ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಕಾರ್ಬ್ಯುರೇಟರಿನ ಬಟ್ಟಲು ಖಾಲಿಯಾಗುವವರೆಗೆ ಎಂಜಿನ್ ಓಡಿಸಿ. ಎಥನಾಲ್ ನೀರು ಹೀರಿ ತಳಕ್ಕೆ ಇಳಿದರೆ ತುಕ್ಕು ಶುರುವಾಗುವುದು ಟ್ಯಾಂಕಿನ ತಳದಲ್ಲಿ, ಬೆಸೆದ ಜಾಗದ ಪಕ್ಕದಲ್ಲೇ. 100 ಕಿಲೋಮೀಟರಿಗೆ ಹೆಡ್ ನಟ್ಟುಗಳನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ ಅಡ್ಡಡ್ಡ ಕ್ರಮದಲ್ಲಿ ಮತ್ತೆ ಬಿಗಿದೆವು, ಕಾಲು ಸುತ್ತು ತೆಗೆದುಕೊಂಡವು. 300ಕ್ಕೆ ಕಾರ್ಕು ಕೂತು ಕ್ಲಚ್ಚಿನ ಸಡಿಲು ಕಡಿಮೆಯಾಗಿತ್ತು, ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಸರಿಮಾಡಿದೆವು. 500ಕ್ಕೆ ಗೇರ್ ಎಣ್ಣೆ ಇಳಿಸಿ ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿದಾಗ ಕಾರ್ಕಿನ ತರಿ ಇರಲಿಲ್ಲ, ಕಂಚಿನ ಪುಡಿ ಚಿಟಿಕೆಯಷ್ಟು ಇತ್ತು. 1,000ಕ್ಕೆ ಮತ್ತೆ ಇಳಿಸಿದಾಗ ಬಟ್ಟೆ ಸ್ವಚ್ಛವಾಗಿತ್ತು.